ಊರಿಗೆ ಹೋದ ಗಂಟು

ನಮ್ಮ ಕಾಕಾ ಊರಿಗೆ ಹೋದದ್ದಕ್ಕಿಂತ ಊರಿಗೆ ಹೊರಟದ್ದೇ ಹೆಚ್ಚು. ಹೊರಡುವುದರಲ್ಲಿ ಅವರನ್ನು ಮೀರಿಸುವವರು ಧಾರವಾಡದ ಇಡೀ ಮಾಳಮಡ್ಡಿಯಲ್ಲಿ ಇರಲಿಲ್ಲ. ತಲುಪುವುದರಲ್ಲಿ ಮಾತ್ರ ಸ್ವಲ್ಪ ಹಿಂದೆ.

ಸೋಜಿಗವೆಂದರೆ ಅವರದು ರೈಲ್ವೆಯಲ್ಲೇ ನೌಕರಿ! ದಿನಾ ಬೆಳಗ್ಗೆ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ, ದೇಶವೆಲ್ಲ ಸುತ್ತಿ ಬಂದ ಡಬ್ಬಿಗಳ ಗಾಲಿ ರಿಪೇರಿ ಮಾಡಿ, ಸಂಜೆ ಮನೆಗೆ ಬರುವರು. ವರ್ಷ ವರ್ಷವೂ ಬಿಟ್ಟಿ ಪಾಸು ಸಿಗುತ್ತಿತ್ತು. ಅದರ ಮೇಲೆ ಅವರು ಎಲ್ಲಿಗೂ ಹೋಗಿರಲಿಲ್ಲ. ಯಾಕೆಂದರೆ ರೈಲಿನ ವೇಳಾಪಟ್ಟಿ ಮಾಡಿದ ಮಹಾಶಯರು ಪಂಚಾಂಗ ನೋಡಿ ಮಾಡಿರಲಿಲ್ಲ. ಗಾಡಿ ಇದ್ದಾಗ ರಾಹುಕಾಲ, ಒಳ್ಳೆಯ ಗಳಿಗೆ ಇದ್ದಾಗ ಗಾಡಿ ಇಲ್ಲ! ಹಾಗಾದರೆ ದಿನಾ ಹುಬ್ಬಳ್ಳಿಗೆ ಹೋಗುತ್ತೀರಲ್ಲ, ಅದಕ್ಕೆ ಪಂಚಾಂಗ ಬೇಡವೇ ಎಂದು ಕೇಳಿದರೆ, "ಅದು ಪ್ರಯಾಣ ಅಲ್ಲೋ, ಹೊಟ್ಟಿಪಾಡು" ಎನ್ನುತ್ತಿದ್ದರು.

ನಾನು ಶಿರಗುಪ್ಪಿಯಿಂದ ಬಂದು ಅವರ ಮನೆಯಲ್ಲಿದ್ದು ಓದಿದವನು. ನಮ್ಮ ಮನೆತನದ ಮೊದಲ ಬಿ.ಎ. ನಾನೇ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಕಷ್ಟಪಟ್ಟದ್ದು ನಾನು, ಹೇಳುವ ಹಕ್ಕೂ ನನ್ನದೇ. ಆದರೆ ಅರ್ಧ ಪದವಿ ಕಾಕಾನ ಹೆಂಡತಿ ಕಾಕುವಿಗೆ ಸೇರಬೇಕು. ನಸುಕಿನಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದರೆ ನಾನು ಒಲೆಯ ಎದುರು ಕೂತು ಭೂಗೋಳವನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದೆ. ಸಮುದ್ರದ ಪಾಠ ಬಂದ ದಿನ ಅವಳ ಕೈ ನಿಂತಿತು.

"ಖರೇನ ಅಷ್ಟೂ ನೀರು ಉಪ್ಪ ಇರತೈತೇನೋ?" ಎಂದಳು. ಹೌದೆಂದೆ. "ಒಂದು ಸಲ ನಾಲಿಗಿಗೆ ಹಚ್ಚಿ ನೋಡಬೇಕು ನೋಡು."

ಬಾಯಿ ಬಿಟ್ಟು ಏನನ್ನೂ ಬೇಡದ ಹೆಂಗಸು. ಸೀರೆ ಬೇಡಲಿಲ್ಲ, ಬಳೆ ಬೇಡಲಿಲ್ಲ, ಬೇಡಿದ್ದು ಸಮುದ್ರ! ನಾನು ಬಿ.ಎ. ಪಾಸಾದರೆ ತೋರಿಸುತ್ತೇನೆಂದು ಕಾಕಾ ಮಾತು ಕೊಟ್ಟರು. ನಾನೇನೋ ಪಾಸಾದೆ. ಗೋವಾ ಪೋರ್ತುಗೀಜರ ಕೈಬಿಟ್ಟು ಎರಡು ಮೂರು ವರ್ಷವಾಗಿತ್ತು, ರೈಲೂ ಇತ್ತು. ಕಾಕಾ ರಜೆ ಹಾಕಿ ಪಾಸು ತಂದರು. ಆಮೇಲೆ ಪಂಚಾಂಗ ತೆರೆದರು.

ಎಂದಿನಂತೆ ಗಾಡಿಯ ವೇಳೆ ಕೆಟ್ಟದ್ದು. ಇಂಥದಕ್ಕೆಂದೇ ನಮ್ಮ ಹಿರಿಯರು ಒಂದು ದಾರಿ ಮಾಡಿಟ್ಟಿದ್ದಾರೆ, ಪ್ರಸ್ಥಾನ ಇಡುವುದು. ಒಳ್ಳೆಯ ಗಳಿಗೆ ನೋಡಿ ನಮ್ಮ ಬಟ್ಟೆಯ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬಂದರೆ ಸಾಕು; ಗಂಟು ಹೋದರೆ ಮನುಷ್ಯ ಹೋದಂತೆಯೇ. ಗಾಡಿ ಆಮೇಲೆ ಯಾವಾಗಲಾದರೂ ಬರಲಿ. ಕಾಕಾ ಹಿಂದಿನ ಸಂಜೆಯೇ ಗಂಟು ಕಟ್ಟಿ, ಎದುರು ಮನೆಯ ಬಟ್ಟೆ ಹೊಲಿಯುವ ಚಾಚಾನ ಮನೆಯಲ್ಲಿ ಇಟ್ಟು ಬಂದರು. ಎಲ್ಲಿ ಕಳೆದೀತೋ ಎಂದು ಪಾಸನ್ನೂ ಅದರೊಳಗೇ ಕಟ್ಟಿದ್ದರು.

ಬೆಳಗ್ಗೆ ಮನೆಗೆ ಕೀಲಿ ಹಾಕಿ, ಬುತ್ತಿ ಹಿಡಿದು ಬೀದಿಗಿಳಿದು ನೋಡುತ್ತೇವೆ, ಚಾಚಾನ ಮನೆಗೂ ಕೀಲಿ! ಗದಗಿನಲ್ಲಿ ಮಗಳಿಗೆ ಹೆರಿಗೆ ಬೇನೆ ಎಂದು ಸುದ್ದಿ ಬಂದು ಗಂಡ ಹೆಂಡತಿ ಮೊದಲ ಬಸ್ಸಿಗೇ ಹೋಗಿದ್ದರು. ನಮ್ಮ ಗಂಟಿನ ನೆನಪು ಅವರಿಗೆ ಹೇಗೆ ಆಗಬೇಕು?

ಕೀಲಿ ಒಡೆಸೋಣವೆಂದೆ. "ಮಂದಿ ಮನಿ ಕೀಲಿ ಒಡದು ತಗೊಂಡರ ಅದಕ್ಕ ಪ್ರಸ್ಥಾನ ಅನ್ನೂದಿಲ್ಲ, ಕಳವು ಅಂತಾರ" ಎಂದರು ಕಾಕಾ. ಹಾಗಾದರೆ ಮನೆಯೊಳಗೆ ಹೋಗೋಣವೆಂದೆ. ಅದೂ ಆಗದು. ಒಮ್ಮೆ ಕೀಲಿ ಹಾಕಿ ಹೊರಟವರು ಪ್ರವಾಸ ಮುಗಿಯದೆ ಹೊಸ್ತಿಲು ತುಳಿಯಬಾರದು. ಒಂದು ಕೀಲಿಕೈ ಕಾಕಾನ ಉಡದಾರದಲ್ಲಿತ್ತು, ಅದನ್ನು ಬಳಸುವಂತಿಲ್ಲ. ಇನ್ನೊಂದು ಗದಗಿನಲ್ಲಿತ್ತು, ಅದು ಸಿಗುವಂತಿಲ್ಲ. ನಾವು ಮನೆಯಲ್ಲೂ ಇರಲಿಲ್ಲ, ಊರಿಗೂ ಹೋಗಿರಲಿಲ್ಲ. ಬಿ.ಎ.ಯಲ್ಲಿ ನಾನು ತರ್ಕಶಾಸ್ತ್ರ ಓದಿದವನು. ಅಂದು ಬೀದಿಯ ನಡುವೆ ನಿಂತು ಎಷ್ಟು ತಲೆ ಕೆರೆದುಕೊಂಡರೂ, ನಾವು ಎಲ್ಲಿದ್ದೇವೆಂಬುದು ತಿಳಿಯಲಿಲ್ಲ.

ಕಾಕಾನಿಗೆ ಮಾತ್ರ ಸಂಶಯವಿರಲಿಲ್ಲ. ಪ್ರವಾಸ ಶುರುವಾಗಿದೆ, ನಡೆಯಿರಿ ಎಂದು ನಮ್ಮನ್ನು ಬಸ್ಸು ಹತ್ತಿಸಿ ಉಣಕಲ್ಲಿನ ಕೆರೆಗೆ ಕರೆದೊಯ್ದರು. ದಂಡೆಯ ಮೇಲೆ ಬುತ್ತಿ ಬಿಚ್ಚಿ, ದೊಡ್ಡ ನೀರೆಂದರೆ ಹೆಚ್ಚು ಕಡಿಮೆ ಹೀಗೇ ಇರುತ್ತದೆಂದು ವಿವರಿಸತೊಡಗಿದರು. ಎಮ್ಮೆ ಮೈ ತೊಳೆಯುತ್ತಿದ್ದವನೊಬ್ಬ ನಾವು ಯಾವ ಊರಿನವರೆಂದು ವಿಚಾರಿಸಿದ.

"ಧಾರವಾಡದವರು. ಗೋವಾಕ್ಕ ಹೊಂಟೇವಿ" ಎಂದರು ಕಾಕಾ.

ಅವನು ನಮ್ಮನ್ನೂ ರಸ್ತೆಯನ್ನೂ ನೋಡಿದ. "ಗೋವಾ ಹಿಂದ ಉಳೀತಲ್ರೀ ಯಜಮಾನ್ರ. ಈ ಕಡೆ ಬಂದರ ಹುಬ್ಬಳ್ಳಿ ಹತ್ತತೈತಿ."

ಕಾಕಾ ಕೇಳಿಸದವರಂತೆ ಚಟ್ನಿ ಬಡಿಸಿಕೊಂಡರು. ಕಾಕು ಮೆಲ್ಲಗೆ ನೀರಿನ ಅಂಚಿಗೆ ಹೋಗಿ, ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು.

"ಸಪ್ಪಗೈತಿ" ಎಂದಳು. ಅಷ್ಟೇ.

ರಾತ್ರಿ ಮಲಗುವುದು? ನಮ್ಮದೇ ಮನೆಯ ಹೊರಗಿನ ಕಟ್ಟೆಯ ಮೇಲೆ! ಕಟ್ಟೆ ಹೊಸ್ತಿಲಿನ ಈಚೆಗಿತ್ತು, ಆದ್ದರಿಂದ ಅದು ಪರಸ್ಥಳ. ಓಣಿಯವರಿಂದ ಅಕ್ಕಿ, ಪಾತ್ರೆ ಕಡ ತಂದು, ಮೂರು ಕಲ್ಲು ಹೂಡಿ ಕಾಕು ಅಂಗಳದಲ್ಲಿ ಅನ್ನ ಬೇಯಿಸುತ್ತಿದ್ದಳು. ಒಂದು ದಿನ ಕಾಕಾನ ಹೆಸರು ಮಾತ್ರ ಬಲ್ಲ ಯಾರೋ ದೂರದವರು ಬಂದು, ಕಟ್ಟೆಯ ಮೇಲೆ ಕೂತಿದ್ದ ಕಾಕಾನನ್ನೇ ಕಾಕಾನ ಬಗ್ಗೆ ವಿಚಾರಿಸಿದರು. ಕಾಕಾ ನಿಶ್ಚಿಂತೆಯಿಂದ, "ಅವರು ಊರಿಗೆ ಹೋಗ್ಯಾರ್ರಿ" ಎಂದರು. ಬಂದವರು ಹೋಗಿಯೂ ಬಿಟ್ಟರು! ಇದು ಸುಳ್ಳೋ ನಿಜವೋ? ನಾನು ಇಂದಿಗೂ ಹೇಳಲಾರೆ.

ವಾರದ ಕೊನೆಗೆ ಚಾಚಾ ಮೊಮ್ಮಗನ ಸುದ್ದಿಯೊಡನೆ ಬಂದ. ಕಟ್ಟೆಯ ಮೇಲೆ ನಮ್ಮನ್ನು ಕಂಡು, ವಿಷಯ ತಿಳಿದು, ಹಣೆ ಹಣೆ ಬಡಿದುಕೊಂಡ. ಅಷ್ಟರಲ್ಲಿ ಪಾಸಿನ ಅವಧಿಯೂ ಮುಗಿದಿತ್ತು, ಕಾಕಾನ ರಜೆಯೂ ಮುಗಿದಿತ್ತು. ಕಾಕಾ ಗಂಟನ್ನು ಪಡೆದು, ಊರಿಂದ ಬಂದವರು ಮಾಡುವಂತೆ ಬಾಗಿಲಲ್ಲಿ ಕಾಲು ತೊಳೆದುಕೊಂಡು, ನಮಗೂ ತೊಳೆಯಲು ಹೇಳಿ ಮನೆಯೊಳಗೆ ಬಂದರು. ಪ್ರವಾಸ ಮುಗಿಯಿತು. ಓಣಿಯ ಹೆಂಗಸರು ಚೇಷ್ಟೆಗೆ, ಸಮುದ್ರ ಹೇಗಿತ್ತೆಂದು ಕಾಕುವನ್ನು ಕೇಳಿದರಂತೆ. ಸಪ್ಪಗಿತ್ತೆಂದು ಹೇಳಿದಳಂತೆ.

ಬರುವ ವರ್ಷ ಖಂಡಿತ ಎಂದಿದ್ದರು ಕಾಕಾ. ಆ ಮಳೆಗಾಲದಲ್ಲಿ ಕಾಕು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮೂಳೆ ಕೂಡಿದರೂ ಸರಿಯಾಗಿ ಕೂಡಲಿಲ್ಲ. ಮಂಚದಿಂದ ಗೋಡೆಯವರೆಗೆ ಹೋಗುವುದೇ ಅವಳಿಗೆ ದೊಡ್ಡ ಪ್ರಯಾಣವಾಯಿತು. ಗಾಡಿ ಹತ್ತುವ ಮಾತನ್ನೇ ಎತ್ತಬಾರದೆಂದು ಡಾಕ್ಟರು ಹೇಳಿದರು. ಅವಳೂ ಮತ್ತೆ ಎತ್ತಲಿಲ್ಲ. ಪಂಚಾಂಗ ಗೂಟಕ್ಕೆ ತೂಗುತ್ತಿತ್ತು. ಕಾಕಾ ಅದರ ಕಡೆ ನೋಡುವುದನ್ನು ಬಿಟ್ಟರು.

ಆಗ ನನಗೆ ಹೈಸ್ಕೂಲಿನಲ್ಲಿ ಮಾಸ್ತರಿಕೆ ಸಿಕ್ಕಿತ್ತು. ದೀಪಾವಳಿ ರಜೆಗೆ ಬಂದಾಗ ಕಾಕಾ, ನಾಳೆ ನನ್ನ ಜೊತೆ ಬಾ ಎಂದರು. ಕಾಕುವಿನ ಬಳಿ ಚಾಚಾನ ಹೆಂಡತಿ ಕೂತುಕೊಂಡಳು. ಸ್ಟೇಷನ್ನಿಗೆ ನಡೆಯುವಾಗ ನೋಡಿದರೆ ಕಾಕಾನ ಬಗಲಲ್ಲಿ ಒಂದು ಸಣ್ಣ ಗಂಟು. ಗಾಡಿ ಬಂದದ್ದು ಸರಿಯಾಗಿ ರಾಹುಕಾಲದಲ್ಲಿ. ನನಗೇ ತಡೆಯಲಾಗದೆ ನೆನಪಿಸಿದೆ.

"ಇದು ನನ್ನ ಪ್ರಯಾಣ ಅಲ್ಲೋ" ಎಂದರು. "ನಿಮ್ಮ ಕಾಕುಂದು. ಆಕೀ ಗಂಟು ಮನಿ ಬಿಟ್ಟಾಗ ಗಳಿಗಿ ಛಲೋ ಇತ್ತು."

ಗಂಟಿನಲ್ಲಿದ್ದದ್ದು ಕಾಕುವಿನ ಇಳಕಲ್ ಸೀರೆ. ಸಮುದ್ರದ ದಂಡೆಯಲ್ಲಿ ಕಾಕಾ ಅದನ್ನು ಬಿಚ್ಚಿ ಉಸುಕಿನ ಮೇಲೆ ಹಾಸಿ, ತಾವು ಪಕ್ಕದಲ್ಲಿ ಕೂತರು. ಬಹಳ ಹೊತ್ತು ಕೂತರು. ನಾನು ದೂರ ಸರಿದೆ. ಗಂಡ ಹೆಂಡತಿಯ ನಡುವೆ ನನಗೇನು ಕೆಲಸ? ಆಮೇಲೆ ಧೋತರ ಮೇಲಕ್ಕೆತ್ತಿ ನೀರಿಗಿಳಿದು, ಸೆರಗನ್ನು ತೆರೆಯಲ್ಲಿ ಅದ್ದಿದರು.

ಮನೆಗೆ ಬಂದು ಗಂಟನ್ನು ಮಂಚದ ಮೇಲಿಟ್ಟರು. ಕಾಕು ಬಿಚ್ಚಿದಾಗ ಹಾಸಿಗೆಯ ತುಂಬ ಉಸುಕು ಉದುರಿತು. ಅವಳು ಇನ್ನೂ ತೇವವಿದ್ದ ಸೆರಗನ್ನು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದಳು.

"ಹೌದು, ಉಪ್ಪೈತಿ" ಎಂದಳು ನನ್ನ ಕಡೆ ತಿರುಗಿ.

ಅಷ್ಟರಲ್ಲಿ ಕಾಕಾ ನೀರಿನ ತಂಬಿಗೆ, ರೊಟ್ಟಿ ಹಿಟ್ಟು ನಾದುವ ಅಗಲ ಪರಾತ ಹಿಡಿದು ಬಂದು ಮಂಚದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು.

"ಊರಿಂದ ಬಂದೀ. ಕಾಲ ತೊಳಕೊಳ್ಳೂದು ಬ್ಯಾಡೇನು?" ಎಂದು ಅವಳ ಪಾದಗಳನ್ನು ಪರಾತದಲ್ಲಿಟ್ಟು ನೀರು ಹಾಕತೊಡಗಿದರು.