ಎಲ್ಲಾ ಆತ್ರಿ

ಒಂದು ಕಡೆ ನೆಮ್ಮದಿಯಾಗಿ ಕೂಡುವ ಯೋಗವನ್ನು ದೇವರು ನನ್ನ ಹಣೆಯಲ್ಲಿ ಬರೆದಿಲ್ಲ. ಒಲೆಯ ಮೇಲೆ ಹಾಲಿಟ್ಟರೆ ಅದಕ್ಕಿಂತ ಮೊದಲು ನಾನು ಉಕ್ಕಿರುತ್ತೇನೆ. ಬಸ್ಸಿನಲ್ಲಿ ಕೂತರೆ ಡ್ರೈವರ್ ಬ್ರೇಕ್ ಒತ್ತುವ ಮೊದಲೇ ನನ್ನ ಕಾಲು ಒತ್ತಿರುತ್ತದೆ. ಇಂಥವಳಿಗೆ ಮನೆಯ ಪಡಸಾಲೆಯಲ್ಲಿ ಕೂತು, ಕಣ್ಣಿಗೆ ಕಾಣದ ಮೂರು ಮಂದಿಯಿಂದ ಕೆಲಸ ತೆಗೆಯುವ ನೌಕರಿ ಗಂಟುಬಿದ್ದಿದೆ. ನನ್ನ ಪಾಡು ಏನಾಗಿರಬೇಕು, ನೀವೇ ವಿಚಾರ ಮಾಡಿರಿ.

ನೌಕರಿ ಹೈದರಾಬಾದಿನ ಒಂದು ಸಣ್ಣ ಕಂಪನಿಯದು, ಮನೆ ರಾಯಚೂರಿನ ಆಚೆ ಗಡಿಯೂರಾದ ಮಕ್ತಲದಲ್ಲಿ. ಬೇರೆಯವರು ಕಟ್ಟಿದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಇದನ್ನು ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆಗೆ ಬಿಡಿಸಿ ಹೇಳಿದಾಗ ಅವರು ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿ, "ಅಯ್ಯ ಶಿವನೆ, ತಪ್ಪು ಹುಡುಕಾಕ ಪಗಾರ ಕೊಡ್ತಾರೇನು?" ಎಂದು ಬಾಯಿ ಮೇಲೆ ಬೆರಳಿಟ್ಟುಕೊಂಡರು. ಪಾಪ, ಅದೇ ಕೆಲಸವನ್ನು ಅವರು ಆಯುಷ್ಯವೆಲ್ಲ ಪುಕ್ಕಟೆ ಮಾಡುತ್ತ ಬಂದಿದ್ದರು.

ನನ್ನ ಕೈಕೆಳಗಿನ ಮೂವರೂ ಅವರವರ ಮನೆಯಿಂದಲೇ ಕೆಲಸ ಮಾಡುತ್ತಾರೆ. ಗದ್ವಾಲದಲ್ಲಿ ನರೇಶ, ತೆಲುಗಿನವನು. ನಾರಾಯಣಪೇಟೆಯಲ್ಲಿ ಸಲೀಮ್. ಕೃಷ್ಣಾ ಎಂಬ ಊರಲ್ಲಿ ಮಹಾದೇವಿ, ಆಕೆಯ ಮನೆ ಸ್ಟೇಷನ್ನಿಗೆ ಎಷ್ಟು ಹತ್ತಿರವೆಂದರೆ, ಆಕೆ ಮೀಟಿಂಗಿನಲ್ಲಿ ಮಾತಿಗೆ ಬಾಯಿ ತೆರೆದರೆ ಮೊದಲು ಗಾಡಿ ಕೂಗುತ್ತದೆ. ಗಂಡ ರಾಯಚೂರಿನ ಗಿರಣಿಗೆ ಹೋಗುತ್ತಾನೆ, ತೊಡೆಯ ಮೇಲೆ ಇನ್ನೂ ಸರಿಯಾಗಿ ನಡೆಯಲು ಬಾರದ ಕೂಸು. ಮೂವರೂ ಬಂಗಾರದಂಥ ಹುಡುಗರು. ಸಂಜೆ "ಟೆಸ್ಟಿಂಗ್ ಆತೇನು?" ಎಂದು ನಾನು ಕೇಳುತ್ತಿದ್ದೆ. "ಅಯಿಪೋಯಿಂದಕ್ಕಾ" ಎನ್ನುತ್ತಿದ್ದ ನರೇಶ. "ಹೋಗಯಾ ಆಪಾ" ಎನ್ನುತ್ತಿದ್ದ ಸಲೀಮ್. "ಎಲ್ಲಾ ಆತ್ರಿ ಅಕ್ಕಾರ" ಎನ್ನುತ್ತಿದ್ದಳು ಮಹಾದೇವಿ. ಮೂರು ಭಾಷೆಯಲ್ಲಿ ಮುಗಿದ ಕೆಲಸದ ಮೇಲೆ ಸಂಶಯ ಪಡುವುದು ಹೇಗೆ? ನಾನೂ ಹೈದರಾಬಾದಿಗೆ ಫೋನು ಮಾಡಿ "ಎಲ್ಲಾ ಆತ್ರಿ" ಎನ್ನುತ್ತಿದ್ದೆ.

ನಾವು ಪರೀಕ್ಷೆ ಮಾಡುತ್ತಿದ್ದದ್ದು ಒಂದು ಸೀರೆ ಅಂಗಡಿಯ ಆ್ಯಪನ್ನು. ಫೋನಿನಲ್ಲಿ ಸೀರೆ ನೋಡಿ ಬಟನ್ ಒತ್ತಿದರೆ ಸೀರೆ ಮನೆಗೆ ಬರಬೇಕು. ಬಂತು ಕೂಡ. ಯಾವುದೋ ಊರಿನ ಹಿರಿಯರೊಬ್ಬರು ಮಗಳಿಗೆಂದು ಸೀರೆ ಆರಿಸಿ ಬಟನ್ ಒತ್ತಿದ್ದಾರೆ. ಪರದೆ ಅಲ್ಲೇ ನಿಂತಿದೆ. ನಮ್ಮ ಮಂದಿ ಹೊಲದ ಮೋಟರಿನ ಸ್ವಿಚ್ಚನ್ನು ಒಂದೇ ಸಲ ಒತ್ತಿ ಬಿಟ್ಟದ್ದು ಎಲ್ಲಾದರೂ ಉಂಟೇ? ಅವರೂ ಮನಸ್ಸು ತೃಪ್ತಿಯಾಗುವವರೆಗೆ ಒತ್ತಿದ್ದಾರೆ. ವಾರದೊಳಗೆ ಅವರ ಕಟ್ಟೆಗೆ ಒಂದೇ ಬಣ್ಣದ, ಒಂದೇ ಅಂಚಿನ ಸೀರೆಗಳು ಗಂಟುಗಟ್ಟಲೆ ಬಂದು ಇಳಿದವು. ಬಟನ್ನನ್ನು ಎರಡು ಸಲ ಒತ್ತಿ ನೋಡಿದಿರೇನು ಎಂದು ನಮ್ಮವರನ್ನು ಕೇಳಿದೆ. ಯಾರೂ ಒತ್ತಿರಲಿಲ್ಲ. "ಒಂದು ಸಲಕ್ಕ ಕೆಲಸ ಆತಲ್ರಿ, ಮತ್ತ ಮತ್ತ ಒತ್ತಿದ್ರ ಛಲೋ ಕಾಣ್ತೈತೇನ್ರಿ?" ಎಂದಳು ಮಹಾದೇವಿ. ಬೀಗರ ಮನೆಯಲ್ಲಿ ಎರಡನೆಯ ಹೋಳಿಗೆಗೆ ಕೈ ಹಾಕಲು ನಾಚುವ ಹಾಗೆ ಮೂವರೂ ಮರ್ಯಾದೆಯಿಂದ ಒಂದೊಂದೇ ಸಲ ಒತ್ತಿ ಎದ್ದು ಬಂದಿದ್ದರು.

ಹೈದರಾಬಾದಿನ ಆಫೀಸಿನ ನಮ್ಮ ಸಾಹೇಬರು ಮೂಲತಃ ರಾಯಚೂರು ಕಡೆಯವರು. ಸಿಟ್ಟು ಬಂದರೆ ಕೂಗುವುದಿಲ್ಲ, ಮೆತ್ತಗಾಗುತ್ತಾರೆ. ಆವತ್ತು ಬಹಳ ಮೆತ್ತಗೆ ಹೇಳಿದರು: "ತಂಗಿ, ಮನಿಯಾಗ ಕುಂತು ಕೆಲಸ ಆಗೂದಿಲ್ಲ ಅಂತ ಕಾಣ್ತೈತಿ. ಇನ್ನೊಮ್ಮೆ ಹಿಂಗಾದ್ರ ನಾಲ್ಕೂ ಮಂದಿ ಹೈದರಾಬಾದಿಗೆ ಬಂದುಬಿಡ್ರಿ. ನನ್ನ ಕಣ್ಣಮುಂದ ಕುಂತು ಮಾಡ್ರಿ."

ಸುದ್ದಿ ಹೇಳಿದ ಮೇಲೆ ಮಹಾದೇವಿ ನನಗೆ ಬೇರೆಯಾಗಿ ಫೋನು ಮಾಡಿದಳು. "ಅಕ್ಕಾರ, ಕೂಸಿನ್ನ ಕಟಿಗೊಂಡು ನಾ ಎಲ್ಲಿ ಹೈದರಾಬಾದಿಗೆ ಹೋಗ್ಲಿರಿ? ನೌಕರಿ ಬಿಡಬೇಕಾಗ್ತೈತಿ. ನಮ್ಮ ಮನಿತನದಾಗ ಹೆಣ್ಮಕ್ಕಳು ಪಗಾರ ಅಂತ ನೋಡಿದ್ದು ಇದ ಮೊದಲು." ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಅಂದಿನಿಂದ ನಾನು ಕಾಲು ಸುಟ್ಟ ಬೆಕ್ಕಾದೆ. ಪಡಸಾಲೆಯಿಂದ ಮಾಳಿಗೆಗೆ, ಮಾಳಿಗೆಯಿಂದ ಪಡಸಾಲೆಗೆ. ಕಂಪ್ಯೂಟರಿನಲ್ಲಿ ಅವರ ಹೆಸರಿನ ಮುಂದೆ ಒಂದು ಹಸಿರು ಚುಕ್ಕೆ ಇರುತ್ತದೆ. ಅದು ಉರಿದರೆ ಮನುಷ್ಯ ಕೂತಿದ್ದಾನೆಂದು ಅರ್ಥ. ಆ ಚುಕ್ಕೆ ಆರಿದರೆ ನನ್ನ ಜೀವ ಹಾರುತ್ತಿತ್ತು, ಉರಿದರೆ ಇವರು ಚುಕ್ಕೆ ಉರಿಸಿಟ್ಟು ಮಲಗಿದ್ದಾರೋ ಏನೋ ಎಂದು ಹಾರುತ್ತಿತ್ತು. ಮುಂಜಾನೆ ಒಂದು ಮೀಟಿಂಗ್ ಇದ್ದದ್ದು ಮಧ್ಯಾಹ್ನಕ್ಕೂ ಒಂದಾಯಿತು. ಪರೀಕ್ಷೆ ಮಾಡಬೇಕಾದ ಸಂಗತಿಗಳನ್ನೆಲ್ಲ ಬರೆದು, ಮುಗಿಸಿದ್ದಕ್ಕೆ ಗುರುತು ಹಾಕಿರೆಂದೆ. ಊಟಕ್ಕೆ ಎದ್ದು ಬರುವಷ್ಟರಲ್ಲಿ ಎಲ್ಲಕ್ಕೂ ಗುರುತು ಬಿದ್ದಿತ್ತು. ನಾನು ಹೆಚ್ಚು ಕೇಳಿದಷ್ಟೂ ಅವರು ಹೆಚ್ಚು "ಆತ್ರಿ" ಎಂದರು. ಇತ್ತ ಅದೇ ಸೀರೆ ಆ್ಯಪಿನ ತಿದ್ದಿದ ಹೊಸ ರೂಪ ಬಿಡುಗಡೆಯಾಗುವ ದಿನ ಹತ್ತಿರ ಬರುತ್ತಿತ್ತು. ಮದುವೆ ಸುಗ್ಗಿ ಬೇರೆ. ಈ ಸಲ ಎಡವಿದರೆ ಹೈದರಾಬಾದೇ ಗತಿ.

ಹೀಗಿರುವಾಗ ಒಂದು ದಿನ ಪಕ್ಕದ ಮನೆಯ ಶಾಂತವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಊಟದ ಹೊತ್ತು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಊಟ ಆತೇನ್ರಿ?" ಎಂದೆ. "ಆತ್ರಿ" ಎಂದಳು. ನಮ್ಮ ಕಡೆ ಇದು ಮರ್ಯಾದೆಯ ಲೆಕ್ಕ. ಇಲ್ಲ ಎಂದರೆ ಕೇಳಿದವರು ತಾಟು ಹಾಕಲೇಬೇಕು, ರೊಟ್ಟಿ ಸಾಲದಿದ್ದರೆ ಮನೆಯವರಿಗೆ ಅವಮಾನ. ಹಾಗಾಗಿ ಮಾನವಂತರಾದವರು ಹಸಿದು ಕಣ್ಣು ಕತ್ತಲೆ ಬರುತ್ತಿದ್ದರೂ "ಆತ್ರಿ" ಎನ್ನಬೇಕು. ನಮ್ಮ ಅತ್ತೆ ಮಾತ್ರ ಈ ಮಾತಿಗೆ ಸೊಪ್ಪು ಹಾಕುವವರಲ್ಲ. ಒಳಗಿನಿಂದಲೇ ಕೇಳಿದರು: "ಏನು ಪಲ್ಯ?"

ಶಾಂತವ್ವ ತಡವರಿಸಿದಳು. "ಅದ... ಇದು... ಪುಂಡಿ ಪಲ್ಯ."

"ರೊಟ್ಟಿಯೋ, ಅನ್ನವೋ?"

"ರೊಟ್ಟಿ... ಅಲ್ಲ, ಅನ್ನ."

"ಪುಂಡಿ ಪಲ್ಯಾನ ಯಾರ ಅನ್ನದ ಜೋಡಿ ತಿಂತಾರ? ಕೂಡು ಬಾಯಿ ಮುಚಗೊಂಡು," ಎಂದು ಅತ್ತೆ ತಾಟು ಹಾಕಿದರು. ಶಾಂತವ್ವ ಎರಡು ರೊಟ್ಟಿ ತಿಂದು, ಮೂರನೆಯದನ್ನು ಬೇಡ ಬೇಡ ಎನ್ನುತ್ತಲೇ ತಿಂದಳು.

ನಾನು ಎದ್ದು ನಿಂತೆ. ಹೇಗೂ ಕೂಡಲಾರದವಳು, ಈ ಸಲ ಎದ್ದದ್ದಕ್ಕೆ ಕಾರಣವಿತ್ತು. ನನ್ನ ತಂಡದವರು ಸುಳ್ಳು ಹೇಳುತ್ತಿರಲಿಲ್ಲ. ನಾನು "ಆತೇನು?" ಎಂದು ಕೇಳುತ್ತಿದ್ದೆ, ಅವರು ಮಾನವಂತರ ಮಕ್ಕಳ ಹಾಗೆ "ಆತ್ರಿ" ಎನ್ನುತ್ತಿದ್ದರು, ಅಷ್ಟೇ. ಕೇಳುವುದನ್ನೇ ನಾನು ತಪ್ಪು ಕೇಳುತ್ತಿದ್ದೆ.

ಮರುದಿನ ಸಂಜೆ ನರೇಶ ಎಂದಿನಂತೆ "ಅಯಿಪೋಯಿಂದಕ್ಕಾ" ಎಂದ. "ಏನು ಪಲ್ಯ?" ಎಂದೆ. ಅವನು ಗಾಬರಿಯಾಗಿ "ಟಮಾಟ ಪಪ್ಪು ಅಕ್ಕಾ" ಎಂದು ಮಧ್ಯಾಹ್ನ ಉಂಡ ಬೇಳೆಯ ಹೆಸರು ಹೇಳಿದ. ಸಲೀಮನ ನಗೆ ನಾರಾಯಣಪೇಟೆಯಿಂದ ಮಕ್ತಲದವರೆಗೆ ಫೋನಿಲ್ಲದೆಯೂ ಕೇಳಿಸುವಂತಿತ್ತು. ಆಮೇಲೆ ಬಿಡಿಸಿ ಹೇಳಿದೆ: ಇನ್ನು ಮೇಲೆ ಆತೇನು ಎಂದು ಯಾರೂ ಕೇಳಬಾರದು. ಏನು ಒತ್ತಿದಿರಿ, ಏನು ಕಂಡಿರಿ, ಕೆಡಿಸಲು ಏನೇನು ಮಾಡಿದಿರಿ, ಪರದೆ ತೋರಿಸಿ ಹೇಳಬೇಕು. ನಾನಷ್ಟೇ ಅಲ್ಲ, ಯಾರು ಬೇಕಾದರೂ ಯಾರನ್ನು ಬೇಕಾದರೂ ಕೇಳಬಹುದು. ಕೇಳಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ.

ಎರಡು ದಿನದಲ್ಲಿ ರಂಗು ಬದಲಾಯಿತು. ನರೇಶ ಬಟನ್ನುಗಳನ್ನು ತಬಲಾ ಬಾರಿಸಿದ ಹಾಗೆ ಬಾರಿಸಿ ಎರಡು ತಪ್ಪು ಹಿಡಿದ. ಸಲೀಮ್ ವಿಳಾಸ ಬರೆಯುವ ಕಡೆ ಸೀರೆಯ ಹೆಸರು ಬರೆದು ಆ್ಯಪನ್ನು ಮಲಗಿಸಿದ. ಮಹಾದೇವಿ ಒಬ್ಬಳೇ "ಎಲ್ಲಾ ಆತ್ರಿ" ಬಿಡಲಿಲ್ಲ. ಬಿಡುಗಡೆಯ ಹಿಂದಿನ ದಿನ ಆಕೆಯನ್ನು ಕೇಳಿದೆ: "ಏನು ಪಲ್ಯ, ಮಹಾದೇವಿ?"

ಗಾಡಿ ಕೂಗಿ ಹೋಯಿತು. ಆಮೇಲೆ ಸಣ್ಣ ದನಿಯಲ್ಲಿ, "ಅಕ್ಕಾರ, ಒಂದು ಐತ್ರಿ. ಆದ್ರ ಅದು ಆ್ಯಪಿನ ತಪ್ಪಲ್ರಿ, ನಮ್ಮ ಮನೀದು," ಎಂದಳು. ನಡುನಡುವೆ ಕರೆಂಟು ಹೋಗಿ ನೆಟ್‌ವರ್ಕ್ ಸಾಯುತ್ತಿತ್ತಂತೆ. ಮರಳಿ ಬಂದಾಗ ನೋಡಿದರೆ, ಆರಿಸಿದ ಕುಂಕುಮಬಣ್ಣದ ಸೀರೆಯ ಜಾಗದಲ್ಲಿ ಅದಕ್ಕಿಂತ ಮೊದಲು ನೋಡಿ ಬಿಟ್ಟಿದ್ದ ಕರಿ ಸೀರೆ ಬಂದು ಕೂತಿರುತ್ತಿತ್ತಂತೆ. "ಮನಿಯಾಗ ನೆಟ್ ಸರಿ ಇಲ್ಲ ಅಂತ ಗೊತ್ತಾದ್ರ ಹೈದರಾಬಾದಿಗೆ ಕರೀತಾರಂತ ಹೆದರಿ ಹೇಳಲಿಲ್ರಿ. ಕರೆಂಟು ಬಂದ ಮ್ಯಾಲೆ ಮತ್ತೊಮ್ಮೆ ಮಾಡಿದೆ, ಸರಿ ಬಂತು. ಆತು ಅಂದೆ."

ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಬಂದವರೆದುರು ಹರಿದ ಚಾಪೆ ಮುಚ್ಚಿಡುವ ಹಾಗೆ ಈ ಹುಡುಗಿ ತನ್ನ ಮನೆಯ ಕರೆಂಟನ್ನು ಮುಚ್ಚಿಟ್ಟಿದ್ದಳು. ನಾಳೆ ನಿಶ್ಚಿತಾರ್ಥಕ್ಕೆಂದು ಕೆಂಪು ಸೀರೆ ಆರಿಸಿದವರ ಮನೆಗೆ ಕರಿ ಸೀರೆ ಹೋಗಿ ನಿಂತರೆ, ಬೀಗರೆದುರು ಏನಾದೀತು!

ಮರುದಿನ ಮಧ್ಯಾಹ್ನ ಸಾಹೇಬರ ಮೀಟಿಂಗ್. ತಂಡವೆಲ್ಲ ಕೂಡಿತ್ತು. ಮುಂಜಾನೆಯಿಂದ ನಾನು ಒಂದು ತುತ್ತೂ ತಿಂದಿರಲಿಲ್ಲ. "ಎಲ್ಲಾ ಆತೇನು ತಂಗಿ? ಬಿಡೂಣೇನು?" ಎಂದರು. "ಆತ್ರಿ" ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಅಷ್ಟು ವರ್ಷದ ಅಭ್ಯಾಸ. ಅದನ್ನು ನುಂಗಿ, "ಇಲ್ರಿ. ಆಗಿಲ್ಲ," ಎಂದೆ. ಜನ್ಮದಲ್ಲಿ ಅಷ್ಟು ಭಾರದ ಮಾತು ಆಡಿರಲಿಲ್ಲ. ಮಹಾದೇವಿ ಕಂಡದ್ದನ್ನು ಆಕೆಯಿಂದಲೇ ಹೇಳಿಸಿದೆ. ಆಕೆ ಕರೆಂಟು, ಕರಿ ಸೀರೆ, ಯಾವುದನ್ನೂ ಮುಚ್ಚಲಿಲ್ಲ.

ನಾನು ಮನಸ್ಸಿನಲ್ಲೇ ಹೈದರಾಬಾದಿಗೆ ಟ್ರಂಕು ಕಟ್ಟಿದೆ. ಅಷ್ಟರಲ್ಲಿ ಸಾಹೇಬರು, "ಇಲ್ಲಿ ನಮ್ಮ ಆಫೀಸಿನಾಗ ಕರೆಂಟು ಹೋಗೂದೂ ಇಲ್ಲ, ನೆಟ್ ಹೋಗೂದೂ ಇಲ್ಲ. ಇಲ್ಲಿ ಕುಂತಿದ್ರ ಇದು ಯಾರ ಅಪ್ಪಗೂ ಸಿಗ್ತಿರಲಿಲ್ಲ," ಎಂದರು. "ಸೀರಿ ತಗೊಳ್ಳೋರು ಎಲ್ಲಾ ಹಳ್ಳಿಯಾಗ ಅದಾರ. ನೀವು ಅಲ್ಲೇ ಇರ್ರಿ. ಬಿಡುಗಡೆ ಮುಂದಿನ ವಾರ ಮಾಡೂಣು." ಮಹಾದೇವಿಯ ಕೂಸು ಯಾಕೋ ಕೇಕೆ ಹಾಕಿತು. ಆಕೆ ಆಗ ಅತ್ತಳು, ಈ ಸಲ ನಾನೂ ಅತ್ತೆ.

ಗೆದ್ದ ಹುಮ್ಮಸ್ಸು ನೋಡಿ, ಕುರ್ಚಿಗೆ ಒರಗಿ, ಪರೀಕ್ಷೆ ಹೇಗೆ ಮಾಡಬೇಕು, ನಿಜ ಹೇಳುವ ಧೈರ್ಯ ಹೇಗಿರಬೇಕು ಎಂದು ಎಲ್ಲರಿಗೂ ಉಪದೇಶ ಶುರುಮಾಡಿದೆ. ಒಳ್ಳೆಯ ಓಘದಲ್ಲಿದ್ದೆ. ಸಾಹೇಬರಿಗೆ ಸಾಕಾಗಿರಬೇಕು, ನಡುವೆ ಬಾಯಿ ಹಾಕಿ, "ಅದಿರಲಿ ತಂಗಿ, ಹೊತ್ತಾತು. ಊಟ ಆತೇನು?" ಎಂದರು.

"ಆತ್ರಿ," ಎಂದೆ.

"ಏನು ಪಲ್ಯ, ಅಕ್ಕಾರ?" ಎಂದಳು ಮಹಾದೇವಿ.

ನಾನು ಅಡುಗೆಮನೆಯ ಕಡೆ ಮೂಗು ಚಾಚಿ, ಬಂದ ವಾಸನೆ ಹಿಡಿದು, ಧೈರ್ಯ ಮಾಡಿ, "ಬದನಿಕಾಯಿ," ಎಂದೆ.

"ಹೀರಿಕಾಯಿ ಅದು!" ಒಳಗಿನಿಂದ ಅತ್ತೆಯ ದನಿ ಹೈದರಾಬಾದಿನವರೆಗೂ ಹೋಯಿತು. "ಇನ್ನೂ ಒಲಿ ಮ್ಯಾಲೆ ಕುದಿಯಾಕ ಹತ್ತೈತಿ!"