ಮಾವನವರು ಸುಳಿ ನೋಡಿ ಆರಿಸಿದ ಕಾರು

ಅಂಗಡಿಯವನ ಎದುರು ನಿಂತು ‘ಬೇಡ’ ಅನ್ನುವ ಶಕ್ತಿಯನ್ನು ದೇವರು ಕೆಲವರಿಗೆ ಮಾತ್ರ ಕೊಟ್ಟಿರುತ್ತಾನೆ. ನನಗೆ ಕೊಟ್ಟಿಲ್ಲ. ಇಚಲಕರಂಜಿಯಲ್ಲಿ ನನ್ನದೇ ಸೀರೆ ಅಂಗಡಿ ಇತ್ತು. ಗಿರಾಕಿಯನ್ನು ಮರುಳು ಮಾಡುವ ಬಗೆಯನ್ನು ಬೆಳಗಿನಿಂದ ಸಂಜೆಯವರೆಗೆ ನಾನೇ ಆಡಿ ತೋರಿಸುತ್ತಿದ್ದೆ. ಆದರೆ ನಾನೇ ಗಿರಾಕಿಯಾದೊಡನೆ ನನ್ನ ಬುದ್ಧಿ ಅಂಗಡಿಯ ಗಾದಿಯ ಮೇಲೆಯೇ ಉಳಿದುಬಿಡುತ್ತಿತ್ತು. ಕೊಲ್ಲಾಪುರದಲ್ಲಿ ಚಪ್ಪಲಿ ಕೊಂಡಾಗಲೆಲ್ಲ ಅರ್ಧ ಬೆರಳು ಸಣ್ಣದನ್ನೇ ತಂದಿದ್ದೇನೆ. ನಾಲ್ಕು ದಿನ ಮೆಟ್ಟಿದರೆ ಸಡಿಲಾಗುತ್ತದೆ ಎಂದು ಮಾರುವವನು ಹೇಳುತ್ತಾನೆ. ನಾಲ್ಕು ದಿನದ ಮೇಲೆ ಚಪ್ಪಲಿ ಇದ್ದ ಹಾಗೇ ಇರುತ್ತದೆ, ನಾನು ಕುಂಟುತ್ತಿರುತ್ತೇನೆ. ಇಂಥವನು ಕಾರು ಕೊಳ್ಳಲು ಹೊರಟಾಗ ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡದ್ದು ಜಾಣತನವೇ ಸರಿ. ಅವರು ಏನನ್ನು ತಿಳಿದವರು ಎಂದು ಯೋಚಿಸದೆ ಹೋದದ್ದಷ್ಟೇ ತಪ್ಪು.

ಕಾರಿನ ಹುಚ್ಚು ಹಿಡಿದದ್ದಕ್ಕೆ ಒಂದು ಕಾರಣವಿತ್ತು. ಹೆಂಡತಿ ಗಿರಿಜಾ ಚೊಚ್ಚಲ ಬಾಣಂತನಕ್ಕೆಂದು ಗಡಹಿಂಗ್ಲಜದ ತವರುಮನೆಗೆ ಹೋಗಿದ್ದಳು. ಅದೇ ಹೊತ್ತಿಗೆ ಮಗ್ಗದ ಮಾಲೀಕನಾದ ನನ್ನ ಗೆಳೆಯನೊಬ್ಬ ತನ್ನ ಕಾರಿನಲ್ಲಿ ನನಗೆ ಡ್ರೈವಿಂಗು ಕಲಿಸುತ್ತಿದ್ದ. ಆ ಉಮೇದಿನಲ್ಲಿ ನಾನು, ‘ನಿನ್ನನ್ನೂ ಕೂಸನ್ನೂ ನಮ್ಮ ಸ್ವಂತ ಕಾರಿನಲ್ಲೇ ಕರೆದುಕೊಂಡು ಬರುತ್ತೇನೆ’ ಎಂದು ಕಾಗದ ಬರೆದುಬಿಟ್ಟೆ. ಅವಳು ಅದನ್ನು ಇಡೀ ಓಣಿಗೆ ಓದಿ ಹೇಳಿದಳು. ಕೂಸಿಗೆ ಐದು ತಿಂಗಳಾಯಿತು. ಮಗನ ಮುಖವನ್ನು ನಾನು ಎರಡೇ ಸಲ ನೋಡಿದ್ದೆ. ಮನೆ ಭಣಭಣ ಅನ್ನುತ್ತಿತ್ತು. ಇಬ್ಬರನ್ನೂ ಬೇಗ ಕರೆತರಬೇಕೆಂದು ಜೀವ ಹಪಹಪಿಸುತ್ತಿತ್ತು. ಆದರೆ ಬಸ್ಸಿನಲ್ಲಿ ಹೋಗಿ ಆ ಓಣಿಯಲ್ಲಿ ಇಳಿಯುವುದಕ್ಕೆ ಧೈರ್ಯವಿರಲಿಲ್ಲ.

ಮಾವನವರು ನನ್ನ ನೆರವಿಗೆ ಬಂದರು. ಎತ್ತಿನ ಪರೀಕ್ಷೆಯಲ್ಲಿ ಅವರನ್ನು ಮೀರಿಸಿದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸಿ, ಮೈಮೇಲಿನ ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ, ಅದರ ಹಿಂದಿನ ಮತ್ತು ಮುಂದಿನ ಹಣೆಬರಹ ಹೇಳುತ್ತಿದ್ದರು. “ಮಾವಾರ, ಇದು ಕಾರು” ಎಂದು ನಾನು ಮೆಲ್ಲಗೆ ಅಂದೆ. “ಕಾರ ಆದ್ರೇನ್ರಿ ಅಳಿಯಾರ, ಎತ್ತ ಆದ್ರೇನು? ಎಳಿಯೂದ ಅಲ್ಲೇನು?” ಎಂದರು. ಇಬ್ಬರೂ ಬಸ್ಸು ಹತ್ತಿದೆವು.

ಕೊಲ್ಲಾಪುರದಲ್ಲಿ ಹಳೆಯ ಕಾರುಗಳ ಅಂಗಡಿಯೊಂದು ಇಳಿಜಾರಿನ ರಸ್ತೆಯ ಮೇಲ್ತುದಿಗೆ ಇತ್ತು. ಅಲ್ಲಿ ಅಂಗಡಿಯವನು ಮೊದಲು ತೋರಿಸಿದ್ದು ಹಸಿರು ಬಣ್ಣದ ಕಾರು. ಚಾವಿ ತಿರುಗಿಸಿದೊಡನೆ ಅದು ಗುರ್ ಎಂದು ಗರ್ಜಿಸಿತು. ಮಾವನವರು ಕೊಂಬು ತಪ್ಪಿಸಿಕೊಳ್ಳುವವರ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು, “ಇದು ಹಾಯೂ ಜಾತಿದ್ರಿ” ಎಂದರು. ಅದರ ಎರಡೂ ದೀಪಗಳ ನಡುವೆ ಬಣ್ಣ ಎದ್ದು, ತುಕ್ಕು ದುಂಡಗೆ ಸುತ್ತಿಕೊಂಡಿತ್ತು. ಅದರ ಮೇಲೆ ಬೆರಳಾಡಿಸಿ, “ಹಣಿ ಮ್ಯಾಲ ಸುಳಿ ಬ್ಯಾರೆ ಐತಿ. ಕೂಸಿರೂ ಮನಿಗೆ ಇದು ಆಗಿ ಬರಂಗಿಲ್ಲ” ಎಂದು ತೀರ್ಪು ಕೊಟ್ಟರು. ಆ ಕಾರನ್ನು ಮುಂದೆ ಕೊಂಡವನು ಹತ್ತು ವರ್ಷ ಅದರಲ್ಲಿ ತಿರುಗಾಡಿದ್ದನ್ನು ನಾನು ನನ್ನ ಅಂಗಡಿಯಲ್ಲಿ ಕುಳಿತೇ ನೋಡಿದ್ದೇನೆ.

ಎರಡನೆಯದು ಕಪ್ಪು ಕಾರು. ಮಾವನವರು ಬಾನೆಟ್ಟು ತೆರೆಸಿ, ಒಳಗೆ ತಲೆ ಹಾಕಿ, “ಬಾಯಿ ಸ್ವಚ್ಛ ಐತಿ” ಎಂದರು. ಬೆನ್ನಿನ ಮೇಲೆ ರಪ್ಪೆಂದು ಹೊಡೆದರು, ಅದು ಮಿಸುಕಲಿಲ್ಲ. ಅಂಗಡಿಯವನು ಇವರ ರೀತಿಯನ್ನು ಆಗಲೇ ತಿಳಿದುಕೊಂಡಿದ್ದ. “ಲೈ ಶಾಂತ ಹಾಯ, ಪಾವ್ಣಂ” ಎಂದು, ಬಹಳ ಸಾಧು ಸ್ವಭಾವದ್ದೆಂದು ಮರಾಠಿಯಲ್ಲಿ ಭರವಸೆ ಕೊಟ್ಟ. ನಮ್ಮನ್ನು ಕೂರಿಸಿಕೊಂಡು ತಾನೇ ನಡೆಸಿದ. ಕಾರು ಸದ್ದಿಲ್ಲದೆ ಇಳಿಜಾರಿನುದ್ದಕ್ಕೂ ಜಾರಿಹೋಯಿತು. “ಕಾಲ ಸಪ್ಪಳ ಸೈತ ಕೇಳವಲ್ದು!” ಎಂದು ಮಾವನವರು ನನ್ನ ತೊಡೆ ತಟ್ಟಿದರು. ಕೆಳಗೆ ಚಹಾದಂಗಡಿಯ ಮುಂದೆ ನಿಲ್ಲಿಸಿ, ಸಾವಕಾಶವಾಗಿ ಚಹಾ ಕುಡಿಸಿ, ಊಟಕ್ಕೆ ಮೊದಲು ನಾಲ್ಕು ಹೆಜ್ಜೆ ನಡೆಯುವುದು ಒಳ್ಳೆಯದೆಂದು ನಮ್ಮನ್ನು ನಡೆಸಿಕೊಂಡೇ ಮೇಲೆ ಬಂದ. ಅಷ್ಟರಲ್ಲಿ ಕಾರು ನಮಗಿಂತ ಮೊದಲೇ ತನ್ನ ಜಾಗಕ್ಕೆ ಬಂದು ನಿಂತಿತ್ತು. ಅದರ ಪಕ್ಕದಲ್ಲಿ ಅಂಗಡಿಯ ಇಬ್ಬರು ಆಳುಗಳು ಬೆವರು ಸುರಿಸುತ್ತ ಏದುಸಿರು ಬಿಡುತ್ತಿದ್ದರು. ಪಾಪ, ನಮಗಾಗಿ ಎಷ್ಟು ತಿಕ್ಕಿ ಒರೆಸಿದ್ದಾರೆ ಎಂದುಕೊಂಡೆ! ದೂಡಿಕೊಂಡು ತಂದಿದ್ದಾರೆಂದು ಹೊಳೆಯಬೇಕಾದರೆ ತಲೆ ಬೇಕಲ್ಲ.

ಆದರೂ ನಾನು ‘ನಾಳೆ ಬರುತ್ತೇವೆ’ ಅನ್ನುವವನಿದ್ದೆ. ಆಗ ಅಂಗಡಿಯವನು ಹೆಗಲ ಮೇಲಿನ ಟವೆಲು ತೆಗೆದು, ಅದರ ಕೆಳಗೆ ಕೈಯಿಟ್ಟು ಮಾವನವರ ಕಡೆಗೆ ಚಾಚಿದ. ದನದ ಪೇಟೆಯಲ್ಲಿ ದರ ಕುದುರಿಸುವುದು ಹೀಗೆಯೇ: ಬಾಯಲ್ಲಿ ಮಾತಿಲ್ಲ, ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ. ಮಾವನವರ ಮುಖ ಅರಳಿತು. ಇಬ್ಬರೂ ಬಹಳ ಹೊತ್ತು ಹುಬ್ಬು ಏರಿಸಿದರು, ಇಳಿಸಿದರು. ದುಡ್ಡು ಕೊಡಬೇಕಾದ ನಾನು ಪಕ್ಕದಲ್ಲಿ ನಿಂತು ಟವೆಲು ಅಲ್ಲಾಡುವುದನ್ನು ನೋಡುತ್ತಿದ್ದೆ. ಕೊನೆಗೆ ಟವೆಲು ಸರಿಯಿತು. “ಮುಗೀತ್ರಿ. ಭಾಳ ಖಾನದಾನಿ ಮನಶ್ಯಾ” ಎಂದು ಮಾವನವರು ಸಾರಿದರು.

ಅಂಗಡಿಯ ಡ್ರೈವರ್ ಕಾರನ್ನು ಇಚಲಕರಂಜಿಗೆ ತಂದು, ಎಂಜಿನ್ ಬಂದ್ ಮಾಡಿ, ಹಿಂದೆ ನೋಡದೆ ಬಸ್‌ಸ್ಟ್ಯಾಂಡಿಗೆ ಓಡಿದ. ಮರುದಿನ ಅದು ಏನು ಮಾಡಿದರೂ ಏಳಲಿಲ್ಲ. ನಾಲ್ಕು ಜನ ದೂಡಿದರೆ ಮಾತ್ರ ಕೆಮ್ಮುತ್ತ ಹೊರಡುತ್ತಿತ್ತು. ಕೊಲ್ಲಾಪುರಕ್ಕೆ ಓಡಿದೆ. ಅಂಗಡಿಯವನು ನನ್ನ ದುಃಖವನ್ನೆಲ್ಲ ಕೇಳಿ, ಮತ್ತೆ ಚಹಾ ಕುಡಿಸಿ, ಹೊಸ ಮನೆ ಅದಕ್ಕಿನ್ನೂ ರೂಢಿಯಾಗಬೇಕು ಎಂದ. ಇದನ್ನು ತಿಳಿಸಿದಾಗ ಮಾವನವರು, “ಖರೇನ ಐತ್ರಿ. ಹೊಸಾ ಎತ್ತೂ ನಾಕ ದಿನ ಮೇವ ತಿನ್ನಂಗಿಲ್ಲ” ಎಂದು ಅವನ ಪಕ್ಷವನ್ನೇ ಹಿಡಿದರು.

ಕೊನೆಗೆ ನಾಲ್ಕು ಜನರಿಂದ ದೂಡಿಸಿಕೊಂಡು ಹೊರಟು, ದಾರಿಯಲ್ಲಿ ಎಲ್ಲಿಯೂ ಎಂಜಿನ್ ಬಂದ್ ಮಾಡದೆ ಹೇಗೋ ಗಡಹಿಂಗ್ಲಜ ಮುಟ್ಟಿದೆ. ಕಳಿಸುವ ದಿನ ಅಲ್ಲಿಯ ಇಡೀ ಓಣಿ ನೆರೆದಿತ್ತು. ಕಾರಿನ ಮೇಲೆ ತೊಟ್ಟಿಲು ಕಟ್ಟಿದರು. ಉಡಿ ತುಂಬಿಸಿಕೊಂಡ ಗಿರಿಜಾ ಕೂಸನ್ನೆತ್ತಿಕೊಂಡು ಮಹಾರಾಣಿಯ ಹಾಗೆ ಹಿಂದಿನ ಸೀಟಿನಲ್ಲಿ ಕುಳಿತಳು. ಕಳಿಸಿಬರಲು ಮಾವನವರು ಮುಂದೆ ಕುಳಿತರು. ಓಣಿಯವರು ದೂಡಿಕೊಟ್ಟರು, ಕಳಿಸುವ ಶಾಸ್ತ್ರವೇ ಹಾಗೆ ಎಂದು ಕೆಲವರು ತಿಳಿದಿರಲೂಬಹುದು. ಸಂಕೇಶ್ವರ ದಾಟುವವರೆಗೆ ಎಲ್ಲ ಸರಿಯಾಗಿತ್ತು. ತವಂದಿ ಘಾಟು ಅರ್ಧ ಏರಿದಾಗ ಕಾರು ಒಮ್ಮೆ ನಿಟ್ಟುಸಿರು ಬಿಟ್ಟು ನಿಂತಿತು.

ಹಿಂದಿನಿಂದ ಬಸ್ಸು ಬಂತು. ಕಂಡಕ್ಟರ್, “ಅಕ್ಕಾರ, ಕೂಸ ತಗೊಂಡ ಬರ್ರಿ, ಜಾಗಾ ಐತಿ” ಎಂದು ಕರೆದ. ನಾನು ತಲೆ ತಗ್ಗಿಸಿ, “ಹೋಗು” ಎಂದೆ. ಅವಳು ಇಳಿಯಲಿಲ್ಲ. “ಗಂಡನ ಕಾರಿನ್ಯಾಗ ಹೊಕ್ಕೇನಿ ಅಂತ ಐದ ತಿಂಗಳಾತು ಎಲ್ಲಾರಿಗೂ ಹೇಳೇನಿ. ಸಂಜೀ ಆದ್ರೂ ಅಡ್ಡಿಯಿಲ್ಲ, ಇದರಾಗ ಬರ್ತೇನಿ” ಎಂದಳು. ಸುಳ್ಳೇಕೆ, ನನ್ನ ಕಣ್ಣು ಒದ್ದೆಯಾಯಿತು. ಆ ಮಾತು ಕೇಳಿ ಬಸ್ಸಿನವರೆಲ್ಲ ನಗುತ್ತ ಇಳಿದು, ಘಾಟಿನ ನೆತ್ತಿಯವರೆಗೆ ಕಾರನ್ನು ದೂಡಿಕೊಟ್ಟರು. ಇಳಿಜಾರು ಸಿಕ್ಕೊಡನೆ ಎಂಜಿನ್ ಹತ್ತಿಕೊಂಡಿತು.

ಕಿಟಕಿಯ ಗಾಜುಗಳು ಮೇಲೇರುತ್ತಿರಲಿಲ್ಲ. ಗಾಳಿ ಬುರ್ರೆಂದು ನುಗ್ಗುತ್ತಿತ್ತು. ಮಾವನವರು, “ಮೈಗಳ್ಳ ಐತ್ರಿ ಇದು. ನನ್ನ ಕಣ್ಣ ತಪ್ಪತು” ಎಂದು ಒಪ್ಪಿಕೊಂಡರು. ಹಿಂದಿನಿಂದ ಗಿರಿಜಾ, “ಅಪ್ಪಾ, ನನಗ ಗಂಡ ನೋಡಾಕ ಹೋದಾಗೂ ಹಿಂಗ ಪರೀಕ್ಷಾ ಮಾಡಿದ್ದೇನು?” ಎಂದಳು.

“ಮಾಡಿದ್ನಿ ಬಿಡವಾ. ನಡಿಗಿ ನೋಡಿದ್ನಿ. ನಗಿಸಿ ಹಲ್ಲ ನೋಡಿದ್ನಿ. ಸುಳಿ ಒಂದ ನೋಡಾಕ ಆಗಲಿಲ್ಲ. ಅವತ್ತ ಇವರು ಟೊಪಿಗಿ ತಗೀಲೇ ಇಲ್ಲ.”

ಅಷ್ಟರಲ್ಲಿ ಗಾಳಿಗೆ ಕೂಸಿನ ತಲೆಯ ಮೇಲಿನ ಕುಂಚಿಗೆ ಹಾರಿತು. ಮಾವನವರು ತಿರುಗಿ, ಮೊಮ್ಮಗನ ನೆತ್ತಿಯನ್ನು ದಿಟ್ಟಿಸಿ ನೋಡಿದರು. “ಅರೆ, ಇವಗ ಎರಡ ಸುಳಿ ಅದಾವು! ಎರಡ ಲಗ್ನದ ಗುಣ ಇದು. ನಮ್ಮ ಮನ್ಯಾಗ ಯಾರಿಗೂ ಇಲ್ಲಲಾ, ಯಾರದ ಬಂತ ಇದು?” ಎಂದು ಚಿಂತೆಗೆ ಬಿದ್ದರು. ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆ ನೋಡತೊಡಗಿದಳು. ನಾನು ಇಚಲಕರಂಜಿ ಬರುವವರೆಗೆ ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ಇನ್ನೊಂದು ಕೈಯಲ್ಲಿ ತಲೆಯ ಮೇಲಿನ ಟೋಪಿ ಹಾರದಂತೆ ಒತ್ತಿಕೊಂಡೇ ಕಾರು ನಡೆಸಿದೆ.