ಕೇಂದ್ರದ ಆದೇಶ

ಪೊಂಯ್, ಪೊಂಯ್!

ಅವರ್ಸಾದ ನಮ್ಮ ಮನೆಯಲ್ಲಿ ಬೆಳಗಾಗುವುದು ಕೋಳಿ ಕೂಗಿದ್ದರಿಂದಲ್ಲ, ಮೀನು ಮಾರುವ ತುಳಸಿದಾಸನ ಮೊಪೆಡ್ ಹಾರ್ನಿನಿಂದ. ಹೆದ್ದಾರಿಯ ಲಾರಿಗಳ ಗದ್ದಲವನ್ನು ದಾಟಿ, ತೆಂಗಿನ ಸಾಲಿನ ಸಂದಿಯಿಂದ ಆ ರಬ್ಬರ್ ಸದ್ದು ತೇಲಿ ಬಂತೆಂದರೆ ನನ್ನ ಅತ್ತೆ ಸುಗಂಧಾ ಕೈಯಲ್ಲಿದ್ದ ಕೆಲಸ ಬಿಟ್ಟು, ತಟ್ಟೆ ಹಿಡಿದು ಗೇಟಿಗೆ ಹೊರಡುತ್ತಾರೆ. ಒಂದು ಕಾಲದಲ್ಲಿ ಅವರು ಜಗಲಿಯ ಮೇಲೆ ನಿಂತೇ ಬಂಗಡೆಯ ಕಿವಿರು ನೋಡಿ, "ಇದು ನಿನ್ನೇದು, ಮುಂದೆ ಹೋಗು" ಎನ್ನುತ್ತಿದ್ದರಂತೆ. ಪೊಲೀಸರನ್ನು ಕಂಡಾಗಲೂ ಹಾಕದ ಹೆಲ್ಮೆಟ್ಟನ್ನು ತುಳಸಿದಾಸ ನಮ್ಮ ಗೇಟಿನ ಮುಂದೆ ಹಾಕಿಕೊಳ್ಳುತ್ತಿದ್ದನಂತೆ.

ನಾನು ಮದುವೆಯಾಗಿ ಬರುವ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಿವಿರು ಹೋಗಲಿ, ಮೀನೇ ಕಾಣುತ್ತಿರಲಿಲ್ಲ. ಒಂದು ದಿನ ಹಾರ್ನ್ ಕೇಳಿ ಓಡಿದವರು ಕಿಟಕಿಯೊಳಗೆ ತಟ್ಟೆ ಒಡ್ಡಿ, "ಸಣ್ಣವೆಲ್ಲ ಹೆಂಗೆ ಕೊಟ್ಟೆ?" ಎಂದು ಕೇಳಿದರು. ಅದು ಶಾಲೆಯ ವ್ಯಾನು. ಒಳಗಿದ್ದ ಯು.ಕೆ.ಜಿ. ಮಕ್ಕಳು ಅತ್ತುಬಿಟ್ಟವು.

ಅಂದಿನಿಂದ ಮೀನು ಕೊಳ್ಳುವ ಜವಾಬ್ದಾರಿ ನನಗೆ ಬಂತು. (ನಾನು ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವಳು. ಬಂಗಡೆ ಪಠ್ಯದಲ್ಲಿರಲಿಲ್ಲ.) ತುಳಸಿದಾಸ ಹೆಲ್ಮೆಟ್ ತೆಗೆದಿಟ್ಟು, ನಿನ್ನೆಯದನ್ನೂ ಮೊನ್ನೆಯದನ್ನೂ ನಗುನಗುತ್ತಾ ನನಗೆ ದಾಟಿಸತೊಡಗಿದ. ಅತ್ತೆ ತುತ್ತು ಬಾಯಿಗಿಟ್ಟು ಸುಮ್ಮನೆ ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿಗಿಂತ ಬೈದಿದ್ದರೇ ಚೆನ್ನಾಗಿತ್ತು.

"ಪೊರೆ ತೀರಾ ಹಣ್ಣಾಗುವ ಮೊದಲು ಆಪರೇಷನ್ ಮಾಡಿಸಿ" ಎಂದು ಡಾಕ್ಟರು ಹೇಳಿದ್ದರು. ಆರೋಗ್ಯದ ಕಾರ್ಡ್ ಕಪಾಟಿನಲ್ಲಿತ್ತು. ತೋರಿಸಿದರೆ ಮುಗಿಯುವ ಕೆಲಸ. ಆದರೆ ತೋರಿಸುವ ಮೊದಲು ಕಾರ್ಡ್ ಯಾರದು ಎಂಬುದು ತೀರ್ಮಾನವಾಗಬೇಕಿತ್ತಲ್ಲ!

ನನ್ನ ಮಾವ ಮಾದೇವ ಅವರು ನಿವೃತ್ತ ಬಸ್ ಕಂಡಕ್ಟರ್. ಜನ್ಮವಿಡೀ ಪ್ರಯಾಣಿಕರಿಗೆ ಚಿಲ್ಲರೆ ಇಲ್ಲ ಎಂದು ಹೇಳಿ ಹೇಳಿ, ವಾದದಲ್ಲೂ ಏನನ್ನೂ ವಾಪಸ್ ಕೊಡದಿರುವುದು ಅವರಿಗೆ ರೂಢಿಯಾಗಿದೆ. ಅವರದು ದಿಲ್ಲಿಯಲ್ಲಿ ಆಳುವ ಪಕ್ಷ. ಅತ್ತೆಯ ತಮ್ಮ ದೇವಿದಾಸ ಮಾಮನಿಗೆ ಶಿರವಾಡದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಅವರದು ಬೆಂಗಳೂರಿನಲ್ಲಿ ಆಳುವ ಪಕ್ಷ. ಸಂಜೆ ಅಂಗಡಿಯ ಶಟರ್ ಎಳೆದು, ಸ್ಕೂಟರ್ ಏರಿ, ಅಕ್ಕನ ಕಣ್ಣು ಹೇಗಿದೆ ಎಂದು ವಿಚಾರಿಸುವ ನೆಪದಲ್ಲಿ ನಮ್ಮ ಜಗಲಿಗೆ ದಯಮಾಡಿಸುತ್ತಾರೆ. ಆಮೇಲೆ ಕಣ್ಣಿನ ಮಾತೇ ಇಲ್ಲ.

"ಈ ಕಾರ್ಡ್ ನಮ್ಮೋರದು ಮಾರಾಯಾ. ದಿಲ್ಲಿಯಿಂದ ಬಂದದ್ದು."

"ದಿಲ್ಲಿಯಿಂದ ಹೆಸರು ಬಂತು ಭಾವಾ. ಅಕ್ಕಿ, ಕಾಯಿ, ಮಸಾಲೆ ಎಲ್ಲ ಬೆಂಗಳೂರಿಂದು."

"ನಿಮ್ಮ ಬೆಂಗಳೂರೋರ ಕಾರ್ಡಿಗೆ ಒಂದೇ ಕಣ್ಣಂತೆ. ಇನ್ನೊಂದು ಮುಂದಿನ ಇಲೆಕ್ಷನ್ ಆದ್ಮೇಲಂತೆ. ನೋಡು, ಮೆಸೇಜ್ ಬಂದದೆ."

"ಅರೇ, ನಂಗೂ ಬಂದದೆ! ನಿಮ್ಮ ದಿಲ್ಲಿಯೋರ ಲೆನ್ಸಿನೊಳಗೆ ಚಿಪ್ಪದೆ ಅಂತೆ. ಅಕ್ಕ ಏನೇನು ನೋಡ್ತಾಳೋ ಎಲ್ಲ ಅಲ್ಲಿ ಕೂತೋರಿಗೆ ಕಾಣೂದಂತೆ."

"ನಾ ನೋಡೂದು ಬಂಗಡೆ. ಅವ್ರೂ ನೋಡ್ಲಿ, ಪಾಪ" ಎಂದರು ಅತ್ತೆ ಒಳಗಿನಿಂದ. ಆದರೆ ಹಾಗೆಂದವರೇ ಮರುದಿನ ನನ್ನ ಹತ್ತಿರ ಮೆಲ್ಲಗೆ, "ಒಂದೇ ಕಣ್ಣು ಮಾಡ್ತಾರೋ, ಚಿಪ್ಪು ಇಡ್ತಾರೋ, ಯಾವುದು ಖರೆನೇ ತಂಗೀ? ಇವರಿಬ್ಬರದು ಮುಗೀಲಿ, ಆಮೇಲೆ ಹೋಗುವ" ಎಂದರು. ಇವರಿಬ್ಬರದು ಮುಗಿಯುವುದೆಂದರೆ ಕಾಳಿ ನದಿ ಹರಿದು ಮುಗಿದಂತೆಯೇ. ಪೊರೆ ಮಾತ್ರ ದಿನದಿನಕ್ಕೂ ಹಣ್ಣಾಗುತ್ತಿತ್ತು.

ನನ್ನ ಗಂಡನ ಹೆಸರು ಸಂದೇಶ. ಕಾರವಾರದ ಒಂದು ಸೊಸೈಟಿಯಲ್ಲಿ ಕೆಲಸ. ಮೊಬೈಲಿಗೆ ಬರುವ ಸಮಸ್ತ ಸಂದೇಶಗಳನ್ನೂ ನಂಬುವ ಈ ಮನೆಯಲ್ಲಿ ಯಾರೂ ನಂಬದ ಸಂದೇಶವೆಂದರೆ ಇವರೊಬ್ಬರೇ. "ಅಪ್ಪಾ, ಎರಡೂ ಸುಳ್ಳು. ನಾನು ವಿಚಾರಿಸಿದ್ದೇನೆ" ಎಂದು ಇವರು ಹೇಳಿದರೆ, "ನಿಂಗೆ ಯಾರು ಹೇಳಿದ್ದಾ? ಮೆಸೇಜ್ ತೋರ್ಸು" ಎನ್ನುತ್ತಾರೆ ಮಾವ. ಇವರ ಹತ್ತಿರ ಮೆಸೇಜ್ ಇರುವುದಿಲ್ಲ. ಬರೀ ಸತ್ಯ ಇರುತ್ತದೆ. ಸೋಲುತ್ತಾರೆ.

ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ಮೆಸೇಜ್ ನಂಬುವವರಿಗೆ ಮೆಸೇಜೇ ಕಳಿಸಿದರಾಯಿತು!

ಆಶಾ ಕಾರ್ಯಕರ್ತೆ ಗೋದಾವರಿ ಅಕ್ಕ ಬುಧವಾರ ನೀರು ಕುಡಿಯಲು ಬಂದವರು, ಶುಕ್ರವಾರ ಬೆಳಿಗ್ಗೆ ನಮ್ಮ ಸರಕಾರಿ ದವಾಖಾನೆಗೆ ಕಣ್ಣಿನ ಡಾಕ್ಟರು ಬರುತ್ತಾರೆ, ಅಲ್ಲೇ ನೋಡಿ ಆಪರೇಷನ್ನಿಗೆ ಬರೆದುಕೊಡುತ್ತಾರೆ, ಯಾವ ಕಾರ್ಡಾದರೂ ನಡೆಯುತ್ತದೆ ಎಂದು ಹೇಳಿಹೋದರು. ನಾನು ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಪ್ರಕಟಣೆ ಬರೆಯಲು ಕುಳಿತೆ. ದವಾಖಾನೆ ಎಂಬ ಪದ ಲೇಖನಿಗೆ ಒಗ್ಗಲಿಲ್ಲ. ಪಿ.ಎಚ್.ಸಿ. ಎಂದು ಬರೆಯಲು ಐಚ್ಛಿಕ ಕನ್ನಡ ಬಿಡಲಿಲ್ಲ. ಅದರ ಗೋಡೆಯ ಮೇಲೆಯೇ ದೊಡ್ಡದಾಗಿ 'ಪ್ರಾಥಮಿಕ ಆರೋಗ್ಯ ಕೇಂದ್ರ' ಎಂದು ಬರೆದಿದೆ. ಆದರೆ ಪ್ರಕಟಣೆ ಚಿಕ್ಕದಾಗಿರಬೇಕಲ್ಲ? ಹೀಗೆ ಬರೆದೆ:

'ಆತ್ಮೀಯರೇ, ಸವಿನಯ ವಿನಂತಿ. ಕಣ್ಣಿನ ಪೊರೆಯ ತಪಾಸಣೆಯು ಶುಕ್ರವಾರದಂದು ಕೇಂದ್ರದಲ್ಲಿ ಮಾತ್ರ ನಡೆಯಲಿದೆ. ಯಾವ ಕಾರ್ಡ್ ಇದ್ದವರೂ ಕೇಂದ್ರಕ್ಕೇ ಬರತಕ್ಕದ್ದು. ಸುಳ್ಳು ಸುದ್ದಿಗಳನ್ನು ನಂಬದಿರಿ.'

ಆ 'ಬರತಕ್ಕದ್ದು' ನನಗೆ ಬಹಳ ಹಿಡಿಸಿತು. ಕಳಿಸಿ, ಗುಂಪಿನ ಸದ್ದು ಬಂದ್ ಮಾಡಿದೆ (ಮೆಚ್ಚುಗೆಗಳ ಸುರಿಮಳೆಗೆ ನನಗೆ ಅಹಂಕಾರ ಬರಬಾರದಲ್ಲ). ಮರುದಿನ ತಂಗಿಯ ಮಗುವಿಗೆ ಹೆಸರಿಡುವುದಿತ್ತು, ಕಾರವಾರದ ತವರಿಗೆ ಹೋದೆ. ಸಂಜೆ ಕಡಲ ದಂಡೆಯಲ್ಲಿ ಕೂತು, ದೂರದ ದೋಣಿಗಳ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುವುದನ್ನು ನೋಡುತ್ತಾ, ಅತ್ತೆಗೂ ಇನ್ನು ಇದೆಲ್ಲ ಹೀಗೆಯೇ ಕಾಣುತ್ತದೆ ಎಂದುಕೊಂಡೆ. ನಾಲ್ಕೇ ಸಾಲಿನಲ್ಲಿ ಎರಡು ಪಕ್ಷಗಳನ್ನು ಸುಮ್ಮನಾಗಿಸಿದೆನಲ್ಲ ಎಂದು ಗಾಳಿಯೂ ತಂಪಾಗಿ ಬೀಸಿದಂತಿತ್ತು.

ಶುಕ್ರವಾರ ಬೆಳಿಗ್ಗೆ ಬಸ್ಸಿಳಿದು ಮನೆಗೆ ಬಂದರೆ, ಅತ್ತೆ ಜರಿ ಸೀರೆ ಉಟ್ಟು, ಸ್ವೆಟರ್ ತೊಟ್ಟು ಜಗಲಿಯ ಮೇಲೆ ಕುಳಿತಿದ್ದಾರೆ. ಪಕ್ಕದಲ್ಲಿ ಉಬ್ಬಿದ ಎರಡು ಚೀಲ. ಒಂದರಿಂದ ಒಣ ಸಿಗಡಿಯ ಪರಿಮಳ.

"ದವಾಖಾನೆಗೆ ಇಷ್ಟೆಲ್ಲ ಯಾಕೆ ಅತ್ತೆ?"

"ದವಾಖಾನೆ ಎಲ್ಲದೆ ಇನ್ನು? ದಿಲ್ಲಿಗೆ ಹೋಗಬೇಕಲ್ಲೇ. ಕೇಂದ್ರದಲ್ಲಿ ಮಾತ್ರ ಅಂತೆ. ಅಲ್ಲಿ ಕುಚ್ಚಲಕ್ಕಿ ಸಿಗೂದಿಲ್ಲ ಅಂದ್ರು, ಅದಕ್ಕೇ ಹೊತ್ಕಂಡೆ."

ನಾನು ಬಾಯಿ ತೆರೆಯುವ ಮೊದಲೇ ಮಾವ ಒಳಗಿನಿಂದ ವಿಜಯಯಾತ್ರೆಯ ಗತ್ತಿನಲ್ಲಿ ಬಂದರು. "ನಾ ಹೇಳಿದ್ನಿಲ್ವಾ? ರಾಜ್ಯದೋರ ಕೈಲಿ ಆಗೂದಿಲ್ಲ ಅಂತ ಕೇಂದ್ರದೋರು ತಾವೇ ವಹಿಸ್ಕಂಡ್ರು. ಸರಕಾರಿ ಆರ್ಡರ್ ಬಂದದೆ, ನೀನೂ ಗುಂಪಿಗೆ ಹಾಕಿದ್ಯಲ್ಲ. 'ಬರತಕ್ಕದ್ದು' ಅಂತ ಬರದದೆ. ಬರತಕ್ಕದ್ದು ಅಂತ ಮನೆ ಮಂದಿ ಬರೀತಾರ?"

ದೇವಿದಾಸ ಮಾಮ ಅಂದು ಅಂಗಡಿಯನ್ನೇ ತೆರೆಯದೆ ಬಂದಿದ್ದರು. "ಇದು ನಮ್ಮ ರಾಜ್ಯಕ್ಕೆ ಮಾಡಿದ ಅನ್ಯಾಯ ಭಾವಾ! ಕಣ್ಣು ಕಾಣದ ಹೆಂಗಸನ್ನ ದಿಲ್ಲಿಗೆ ಕರೆಸೂದಾ? ಶಿರವಾಡದ ಗುಂಪಿಗೆಲ್ಲ ಕಳ್ಸಿದ್ದೆ. ಅಕ್ಕನ್ನ ರೈಲು ಹತ್ತಿಸಿದ್ರೆ ನಾ ಹಳಿ ಮೇಲೆ ಕೂರ್ತೆ ನೋಡಿ."

"ಕೂರಾ. ಅಂಕೋಲೇಲಿ ಕೂರ್ಬೇಡ ಮತ್ತೆ, ನಾವು ಹತ್ತೂದು ಕಾರವಾರದಲ್ಲಿ."

"ಇವ ಹಳಿ ಮೇಲೆ ಕೂತ್ರೂ ನಂಗೆ ಕಾಣೂದಿಲ್ಲ" ಎಂದರು ಅತ್ತೆ ಶಾಂತವಾಗಿ. "ನೋಡಿ ಅಳೂಕೂ ಆಗೂದಿಲ್ಲ."

ನಾನು ಮಾವನ ಮೊಬೈಲ್ ಇಸಿದುಕೊಂಡು ನೋಡಿದೆ. 'ಆತ್ಮೀಯರೇ, ಸವಿನಯ ವಿನಂತಿ' ಎಂದು ಶುರುವಾಗಿತ್ತು. ನಡುವೆ ಯಾರೋ ಕೆಂಪು ಗುಲಾಬಿಗಳನ್ನೂ, ಇನ್ಯಾರೋ ಕೆಂಡದಂಥ ಮುಖಗಳನ್ನೂ ಸೇರಿಸಿದ್ದರು. ಕೊನೆಗೆ 'ಇದು ನಿಜ, ಎಲ್ಲರಿಗೂ ತಲುಪಿಸಿ' ಎಂದಿತ್ತು. ಮೇಲ್ಗಡೆ 'ಹಲವು ಬಾರಿ ಫಾರ್ವರ್ಡ್ ಆಗಿದೆ' ಎಂಬ ಬಿರುದು. ನನ್ನ ಜೀವಮಾನದಲ್ಲಿ ನಾನು ಬರೆದದ್ದನ್ನು ಅಷ್ಟು ಜನ ಓದಿದ್ದು ಅದೇ ಮೊದಲು.

ಅಷ್ಟರಲ್ಲಿ ನನ್ನ ಮೊಬೈಲ್ ರಿಂಗಾಯಿತು. ಗೋದಾವರಿ ಅಕ್ಕ. ಸ್ಪೀಕರ್ ಹಾಕದೆಯೂ ಅವರ ಮಾತು ಜಗಲಿಗೆಲ್ಲ ಕೇಳುತ್ತಿತ್ತು. "ರಕ್ಷಿತಾ, ನಿಮ್ಮ ಕೇರಿಯಿಂದ ಒಬ್ರೂ ಬರ್ಲಿಲ್ವಲ್ಲೇ! ಡಾಕ್ಟ್ರು ಖಾಲಿ ಕೂತಾರೆ. ಕೇಳಿದ್ರೆ ದಿಲ್ಲಿಗೆ ಹೋಗ್ಬೇಕು ಅಂತಾರೆ ಎಲ್ಲ. ಯಾವ ಪುಣ್ಯಾತ್ಮ ಬರದ್ದಾ ಅದನ್ನ?"

ಮಾವನೂ ಮಾಮನೂ ನನ್ನತ್ತ ತಿರುಗಿದರು. ಏನನ್ನೂ ಅಡಗಿಸಲಾಗದ ಮುಖ ನನ್ನದು.

"ಅದು... ಆ ಕೇಂದ್ರ ಅಂದರೆ ಆರೋಗ್ಯ ಕೇಂದ್ರ ಮಾವ" ಎಂದೆ. "ನಮ್ಮ ದವಾಖಾನೆ."

ಮಾವ ಮಾಮನ ಮುಖ ನೋಡಿದರು. ಮಾಮ ಮಾವನ ಮುಖ ನೋಡಿದರು. ಆ ಕ್ಷಣದಲ್ಲಿ ನನ್ನ ಕಣ್ಣೆದುರಿಗೇ ಎರಡು ಪಕ್ಷಗಳ ಮೈತ್ರಿ ಏರ್ಪಟ್ಟಿತು.

"ದವಾಖಾನೆ ಅಂತ ಬರೀಲಿಕ್ಕೆ ಏನಾಗಿತ್ತೇ ನಿಂಗೆ?" ಎಂದರು ಮಾವ.

"ಓದಿದ ಹುಡುಗಿಯೇ ಹಿಂಗೆ ಸುಳ್ಳು ಸುದ್ದಿ ಹಬ್ಬಿಸಿದ್ರೆ ಏನ್ ಮಾಡೂದು ಭಾವಾ?" ಎಂದರು ಮಾಮ.

"ಹೌದಾ ಮಾರಾಯಾ. ಕಾಲವೇ ಕೆಟ್ಟದೆ."

"ಬೈಯೂದಿದ್ರೆ ರಿಕ್ಷಾದಲ್ಲಿ ಬೈಯಿರಿ" ಎಂದು ಅತ್ತೆ ಎದ್ದೇಬಿಟ್ಟರು. ಒಂದೇ ರಿಕ್ಷಾದಲ್ಲಿ ಎರಡು ಪಕ್ಷ, ಎರಡು ಚೀಲ, ಸ್ವೆಟರ್ ತೊಟ್ಟ ಅತ್ತೆ ಮತ್ತು ಅಪರಾಧಿ. ದವಾಖಾನೆ ಮುಟ್ಟಿದಾಗ ಡಾಕ್ಟರು ಪೆಟ್ಟಿಗೆ ಕಟ್ಟುತ್ತಿದ್ದರು. ಒಣ ಸಿಗಡಿಯ ಚೀಲ ಟೇಬಲ್ಲಿನ ಮೇಲೆ ಬಂದು ಕುಳಿತಾಗ ಅವರ ಮನಸ್ಸು ಕರಗಿತೋ, ಮೂಗು ಸೋತಿತೋ, ಮತ್ತೆ ಪೆಟ್ಟಿಗೆ ಬಿಚ್ಚಿದರು.

ಕಾರ್ಡ್ ಹೊರಗೆ ಬಂತು. ಮಾವನೂ ಮಾಮನೂ ಒಟ್ಟಿಗೇ ಅದರ ಮೇಲೆ ಬಗ್ಗಿದರು. "ನೋಡು, ನಮ್ಮೋರ ಹೆಸ್ರು." "ಇದು ನೋಡಿ ಭಾವಾ, ನಮ್ಮೋರದು."

"ನನ್ನ ಫೋಟೋ ಎಲ್ಲದೆ?" ಎಂದರು ಅತ್ತೆ.

"ಇಲ್ಲೇ ಅದೆ ಅಕ್ಕಾ, ನಡುವೆ."

"ಹಂಗಾದ್ರೆ ನಂದು. ಕೊಡು ಇತ್ಲಾಗೆ."

ಕಾರವಾರದಲ್ಲಿ ಮುಂದಿನ ವಾರವೇ ಬಲಗಣ್ಣಿನ ಆಪರೇಷನ್ ಆಯಿತು. ಎರಡನ್ನೂ ಒಟ್ಟಿಗೆ ಮಾಡುವುದಿಲ್ಲ, ಎಡಗಣ್ಣು ಆಮೇಲೆ ಎಂದರು ಡಾಕ್ಟರು. "ಒಂದೇ ಕಣ್ಣು! ನಾ ಹೇಳಿದ್ನಿಲ್ವಾ?" ಎಂದು ಮಾವ ವಾರ್ಡಿನಲ್ಲೇ ಕುಣಿದರು.

ಪಟ್ಟಿ ಬಿಚ್ಚಿದ ಬೆಳಿಗ್ಗೆ ಅತ್ತೆ ಮೊದಲು ನನ್ನನ್ನೇ ನೋಡಿದರು. ಮದುವೆಯ ದಿನದಿಂದಲೂ ಅವರು ನನ್ನನ್ನು ಮಂಜಿನೊಳಗಿಂದ ನೋಡಿದವರು. "ಓ, ನಿಂಗೆ ಗಲ್ಲದ ಮೇಲೆ ಮಚ್ಚೆ ಅದೆ!" ಎಂದು ಬೆರಳಿನಿಂದ ಮುಟ್ಟಿದರು. ಇಷ್ಟೆಲ್ಲ ಬೈಸಿಕೊಂಡದ್ದು ಸಾರ್ಥಕ ಎನಿಸಿತು. ಮನೆಗೆ ಬಂದ ಮೇಲೆ ಅವರ ನೋಟ ಮಚ್ಚೆಯನ್ನು ದಾಟಿ ಮಾಡಿನ ಜೇಡರ ಬಲೆಗೆ ಹೋಯಿತು. ಅಲ್ಲಿಂದ ಒಲೆಯ ಹಿಂದಿನ ಗೋಡೆಗೆ. ಅಲ್ಲಿಂದ, ನಾನು ತೆಂಗಿನಕಾಯಿ ಅರೆಯುವ ಬದಲು ಗುಟ್ಟಾಗಿ ಬಳಸುತ್ತಿದ್ದ ಮಸಾಲೆಯ ಪೊಟ್ಟಣಕ್ಕೆ.

ಆದರೂ ಅದೆಲ್ಲ ಸಹ್ಯ. ಎಡಗಣ್ಣೂ ಆದ ಮೇಲೆ ಮಾವ ತಮ್ಮ ಹಳೆಯ ಮೊಬೈಲನ್ನು ಅತ್ತೆಗೆ ಕೊಟ್ಟು, ಗುಂಪಿಗೆ ಸೇರಿಸಿಬಿಟ್ಟರು. ಅತ್ತೆ ಏಳನೆಯ ಇಯತ್ತೆಯವರೆಗೆ ಓದಿದವರು. ನನ್ನ ಆ ಪ್ರಕಟಣೆಯನ್ನು ಕನ್ನಡಕವಿಲ್ಲದೆ ಪೂರ್ತಿ ಓದಿದರು. ಎರಡು ದಿನ ಏನೋ ಒತ್ತುತ್ತಾ ಕುಳಿತಿದ್ದರು. ಇಂದು ಬೆಳಿಗ್ಗೆ ಗುಂಪಿಗೆ ಬಂತು:

'ಆತ್ಮೀಯರೇ ಸವಿನಯ ವಿನಂತಿ. ಕಣ್ಣಿನ ಆಪರೇಷನ್ ಆದವರು ಒಂದು ವರ್ಷ ಒಲೆಯ ಹತ್ತಿರ ಹೋಗಬಾರದು. ಮೀನು ಆರಿಸಬಹುದು. ಅದರ ಹುರುಪೆ ತೆಗೆಯಬಾರದು. ಅದನ್ನು ಸೊಸೆಯಂದಿರು ಮಾಡತಕ್ಕದ್ದು. ಕೇಂದ್ರದ ಆದೇಶ.'

"ಡಾಕ್ಟರು ಕೆಲವೇ ವಾರ ಎಂದದ್ದು. ನಾನೇ ಕೇಳಿಸಿಕೊಂಡಿದ್ದೇನೆ" ಎಂದರು ಸಂದೇಶ. ಪಾಪ, ಯಾರು ನಂಬುತ್ತಾರೆ? ಮಾವ ಹೆಬ್ಬೆರಳು ಒತ್ತಿದರು. ಮರುಕ್ಷಣವೇ ಶಿರವಾಡದಿಂದ ಮಾಮನ ಹೆಬ್ಬೆರಳೂ ಬಂತು.

"ಯಾವ ಕೇಂದ್ರದ್ದು ಅತ್ತೆ ಈ ಆದೇಶ?" ಎಂದು ಕೇಳಿದೆ.

"ಅದೆಲ್ಲ ಬರದ್ರೆ ಉದ್ದ ಆಗ್ತದಲ್ಲೇ ತಂಗೀ" ಎಂದರು ಅತ್ತೆ.

ಇದೋ, ಮತ್ತೆ ಪೊಂಯ್, ಪೊಂಯ್. ಅತ್ತೆ ತಟ್ಟೆಯೊಂದಿಗೆ ಗೇಟಿನಲ್ಲಿದ್ದಾರೆ. ತುಳಸಿದಾಸ ಹೆಲ್ಮೆಟ್ ಹಾಕಿಕೊಂಡಿದ್ದಾನೆ. "ರಕ್ಷಿತಾ, ಬಂಗಡೆ ಇವತ್ತಿಂದೇ! ಬೇಗ ಬಾರೇ, ಕತ್ತಿ ತಕ್ಕಂಡು ಬಾ!" ಓದುಗರೇ, ನಿಮ್ಮಲ್ಲಿ ಯಾರಿಗಾದರೂ ಆ ಕಣ್ಣಿನ ಡಾಕ್ಟರ ಪರಿಚಯವಿದ್ದರೆ, ದಯವಿಟ್ಟು ಅವರಿಂದ ಒಂದೇ ಒಂದು ಮೆಸೇಜ್, ಸವಿನಯ ವಿನಂತಿ, ಅದರಲ್ಲಿ ಸ್ಪಷ್ಟವಾಗಿ ದವಾಖಾನೆ ಎಂದೇ... ಬಂದೆ ಅತ್ತೆ, ಬಂದೆ, ಇದೊಂದು ಸಾಲು